ನಾನು ನೋಡದ ಕುರಿಯ ಹಲ್ಲು

ಒಂದು ಕುರಿಗೆ ನಾಲ್ಕು ಹಲ್ಲು ಎಂದು ಬರೆದೆ. ಇನ್ನೊಂದಕ್ಕೆ ಎರಡು. ಮತ್ತೊಂದಕ್ಕೆ ಬಾಯಿ ತುಂಬ. ಉಟಗಿಯಿಂದ ಜತ್ತಕ್ಕೆ ಬರುವ ಎಸ್‌ಟಿ ಬಸ್ಸಿನಲ್ಲಿ, ತೊಡೆಯ ಮೇಲೆ ವಹಿ ಇಟ್ಟುಕೊಂಡು ಬರೆದದ್ದು. ಆ ಕುರಿಗಳ ಬಾಯಿ ಬಿಡಿಸಿ ನೋಡುವುದಂತೂ ದೂರದ ಮಾತು, ಕುರಿಗಳನ್ನೇ ನಾನು ಕಂಡಿರಲಿಲ್ಲ. ಎಪ್ಪತ್ತರ ದಶಕದ ನಡುಭಾಗದ ಸಂಗತಿ ಇದು. ಈಗಲೂ ಯಾರಾದರೂ ಕುರಿಯ ತುಟಿ ಎತ್ತಿ ಹಲ್ಲು ಎಣಿಸುವುದನ್ನು ಕಂಡರೆ ನಾನು ಮುಖ ತಿರುಗಿಸುತ್ತೇನೆ.

ಆಗ ನಾನು ಸಾಂಗಲಿಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕ. ಹುದ್ದೆ ಒಂದು ವರ್ಷದ್ದು. ಮಾರ್ಚಿನ ನಂತರ ಇಟ್ಟುಕೊಳ್ಳುವುದೋ ಬಿಡುವುದೋ ನಮ್ಮ ಪ್ರಾಧ್ಯಾಪಕರ ಮರ್ಜಿ. ಹುಟ್ಟೂರು ಜತ್ತದ ಕಡೆಯ ಸೊರಡಿ, ಕನ್ನಡ ಮರಾಠಿ ಎರಡೂ ಬರುತ್ತವೆ, ಕುರಿ ಸಾಕುವವರ ಜೊತೆ ಮಾತಾಡಬಲ್ಲೆ ಎಂದು ನನ್ನನ್ನೇ ಜತ್ತಕ್ಕೆ ಕಳಿಸಿದ್ದರು. ಪೇಟೆಯ ಹಿಂದೆ ಒಂದು ಖೋಲಿ, ಕೈಯಿಂದ ತಿರುಗಿಸುವ ಸೆಂಟ್ರಿಫ್ಯೂಜ್, ಒಂದು ಹಳೆಯ ಸೂಕ್ಷ್ಮದರ್ಶಕ, ಬಿಸಿನೀರಿನ ತೊಟ್ಟಿಗೆ ಒಂದು ಸ್ಟೋವ್. ಅಷ್ಟೇ ನನ್ನ ಸಾಮ್ರಾಜ್ಯ.

ನಮ್ಮ ಪ್ರಶ್ನೆ ಇದು. ರಕ್ತದ ಕೆಂಪು ಕಣದ ಒಳಗೆ ಪೊಟ್ಯಾಸಿಯಂ ತುಂಬಿರುತ್ತದೆ, ಹೊರಗೆ ಕ್ಯಾಲ್ಸಿಯಂ ಇರುತ್ತದೆ. ಸ್ವಲ್ಪ ಕ್ಯಾಲ್ಸಿಯಂ ಯಾವಾಗಲೂ ಒಳಗೆ ನುಸುಳುತ್ತಲೇ ಇರುತ್ತದೆ, ಕಣ ತನ್ನ ಶಕ್ತಿ ಖರ್ಚು ಮಾಡಿ ಅದನ್ನು ಹೊರಗೆ ನೂಕುತ್ತಲೇ ಇರುತ್ತದೆ. ಕಣವನ್ನು ಉಪವಾಸ ಕೆಡವಿದರೆ ನೂಕುವ ತ್ರಾಣ ಉಳಿಯುವುದಿಲ್ಲ. ಆಗ ಕ್ಯಾಲ್ಸಿಯಂ ಒಳಗೇ ಉಳಿದು, ಪೊರೆಯಲ್ಲಿರುವ ಒಂದು ಬಾಗಿಲನ್ನು ಒಳಗಿನಿಂದ ತೆರೆಯುತ್ತದೆ. ಆ ಬಾಗಿಲಿನಿಂದ ಪೊಟ್ಯಾಸಿಯಂ ಮಾತ್ರ ಹೊರಗೆ ಹರಿಯುತ್ತದೆ, ಅದರ ಹಿಂದೆ ನೀರೂ ಹೋಗಿ ಕಣ ಮುದುಡುತ್ತದೆ. ಮನುಷ್ಯರ ಕಣದಲ್ಲಿ ಈ ಬಾಗಿಲು ಇದೆ. ಕುರಿಯ ಕಣದಲ್ಲಿ ಇಲ್ಲ ಎಂದು ಪ್ರಾಧ್ಯಾಪಕರ ನಂಬಿಕೆ. ನಮ್ಮ ಕಡೆಯ ಕುರಿಗಳಲ್ಲೂ ಇಲ್ಲವೇ ಎಂದು ನೋಡುವುದು ನನ್ನ ಕೆಲಸ.

ಕೆಲಸ ಬೇಸರದ್ದು, ಆದರೆ ನನಗೆ ಸೇರುತ್ತಿತ್ತು. ಕುರಿಯ ಕೊರಳಿನ ರಕ್ತನಾಳದಿಂದ ರಕ್ತ ತೆಗೆದು, ಹೆಪ್ಪುಗಟ್ಟದ ಹಾಗೆ ಮೊದಲೇ ಹೆಪಾರಿನ್ ಹಾಕಿಟ್ಟ ಗಾಜಿನ ನಳಿಗೆಯಲ್ಲಿ ತುಂಬಬೇಕು. ಬರ್ಫ ಹಾಕಿದ ಥರ್ಮಾಸಿನಲ್ಲಿ ಜತ್ತಕ್ಕೆ ತರಬೇಕು. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಒಣಗಿಸಿ ಪೆಟ್ಟಿಗೆಯಲ್ಲಿ ಇಡಬೇಕು. ಉಳಿದದ್ದನ್ನು ತಿರುಗಿಸಿ, ಮೇಲಿನ ತಿಳಿ ಚೆಲ್ಲಿ, ಉಪ್ಪುನೀರಿನಲ್ಲಿ ಮೂರು ಸಲ ತೊಳೆಯಬೇಕು. ಕಣಗಳು ಶಕ್ತಿ ಮಾಡಿಕೊಳ್ಳದಂತೆ ತಡೆಯುವ ಮದ್ದು ಹಾಕಿ ಮೂರು ತಾಸು ಮೈಬಿಸಿಯ ನೀರಿನಲ್ಲಿ ಇಡಬೇಕು. ಆಮೇಲೆ ಎರಡು ಪಾಲು ಮಾಡಿ ಒಂದಕ್ಕೆ ಕ್ಯಾಲ್ಸಿಯಂ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟು, ಅರ್ಧ ತಾಸಿನ ಮೇಲೆ ಮತ್ತೆ ತಿರುಗಿಸಿ, ಮೇಲಿನ ತಿಳಿಯನ್ನು ಬೂಚು ಬಿಗಿದು ಸಾಂಗಲಿಗೆ ಕಳಿಸಬೇಕು. ಅಲ್ಲಿ ಜ್ವಾಲೆಯ ಬಣ್ಣ ನೋಡಿ ಪೊಟ್ಯಾಸಿಯಂ ಅಳೆಯುವ ಯಂತ್ರವಿತ್ತು. ಹೋಲಿಸಲು ಒಂದು ಮನುಷ್ಯರ ರಕ್ತ ಬೇಕಲ್ಲ, ಅದಕ್ಕೆ ಪ್ರತಿ ಸಲ ನನ್ನ ತೋಳೇ ಗತಿ.

ನನ್ನ ರಕ್ತ ಪ್ರತಿ ಸಲ ಪೊಟ್ಯಾಸಿಯಂ ಸುರಿಸುತ್ತಿತ್ತು. ಕುರಿಯದು ಜಪ್ಪಯ್ಯ ಎಂದರೂ ಸುರಿಸುತ್ತಿರಲಿಲ್ಲ. ನಲವತ್ತು ಕುರಿ ಆದವು, ಒಂದೂ ತಪ್ಪಲಿಲ್ಲ.

ಈ ನಲವತ್ತರಲ್ಲಿ ಮುಕ್ಕಾಲು ಪಾಲು ಉಟಗಿಯ ಒಬ್ಬ ಕುರುಬರ ದಡ್ಡಿಯವು, ಅಂದರೆ ಕುರಿದೊಡ್ಡಿಯವು. ಆ ಕುರುಬರಿಗೆ ವಯಸ್ಸು ಐವತ್ತರ ಮೇಲೆ. ನಾನು ಕಾಕಾ ಎನ್ನುತ್ತಿದ್ದೆ. ತಮ್ಮ ಕುರಿಗಳ ಜೊತೆ ಊರಿನ ನಾಲ್ಕಾರು ಮನೆಯವರು ಮೇಯಿಸಲು ಬಿಟ್ಟ ಕುರಿಗಳೂ ಅವರ ಬಳಿ ಇದ್ದವು. ಬೇರೆಯವರ ಕುರಿ ಕೈಯಲ್ಲಿ ಇರಬೇಕಾದರೆ ಮಾತು ನೆಟ್ಟಗಿರಬೇಕು. ಮರಿ ಸತ್ತರೆ ಸತ್ತಿತು ಎಂದು ಅವರು ಹೇಳಿದ್ದನ್ನು ಮಾಲಕ ನಂಬಬೇಕು. ಕಾಕಾನ ಮಾತನ್ನು ಉಟಗಿಯಲ್ಲಿ ಯಾರೂ ಎರಡು ಸಲ ಕೇಳುತ್ತಿರಲಿಲ್ಲ.

ದೀಪಾವಳಿ ಮುಗಿದು ಕುರಿ ಈಯುವ ಕಾಲ ಬಂತು. ಪ್ರಾಧ್ಯಾಪಕರು ಬುಧವಾರ ಜತ್ತಕ್ಕೆ ಬರುವವರಿದ್ದರು, ಇನ್ನೂ ಐದು ಮಾದರಿ ಬೇಕಿತ್ತು. ಸೋಮವಾರ ಹೋಗಿ ಸೂಜಿ ತೆಗೆದೆ.

"ಈಗ ಸೂಜಿ ಆಗೂದಿಲ್ಲ ಸಾಹೇಬ್ರ," ಎಂದರು ಕಾಕಾ. "ಕುರಿ ಈಯಾಕ ಹತ್ತ್ಯಾವ. ಈಯೂ ದಿನದಾಗ ನಾವು ದಡ್ಡಿಯೊಳಗ ಕಬ್ಬಣ ಒಯ್ಯೂದಿಲ್ಲ."

"ಇಷ್ಟ ಸಣ್ಣ ಸೂಜಿ ಕಾಕಾ."

"ಸಣ್ಣದಿರಲಿ ದೊಡ್ಡದಿರಲಿ, ಕಬ್ಬಣ ಕಬ್ಬಣನ ಅಲ್ಲೇನ್ರಿ. ಕಡೀ ಕುರಿ ಈಯೂ ತನಕ ತಡೀರಿ. ಎರಡ ತಿಂಗಳ ಅನ್ರಿ."

ಎರಡು ತಿಂಗಳು ತಡೆಯುವ ಗಂಡಸೇ ನಾನು! ಐದು ನಳಿಗೆ, ಥರ್ಮಾಸ್ ಎರಡನ್ನೂ ಅವರ ಕೈಗೆ ತುರುಕಿದೆ. "ಹೆಂಗರ ಮಾಡಿ ನೀವ ತುಂಬಿಸಿ ಇಡ್ರಿ ಕಾಕಾ. ಬುಧವಾರ ಮುಂಜಾನಿ ಬರತೀನಿ. ಹೆಂಗ ತಗೀತೀರಿ ನಿಮಗ ಬಿಟ್ಟದ್ದು."

ಅವರು ನಳಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ರಕ್ತ ನಮ್ಮ ದಡ್ಡಿದ ಆದ್ರ ಸಾಕಲ್ಲ?"

"ಸಾಕ್ ಸಾಕ್," ಎಂದೆ.

ಬುಧವಾರ ಹೋದಾಗ ಐದೂ ನಳಿಗೆ ತುಂಬಿದ್ದವು. ಬೂಚು ಒರೆಸಿ, ಕಂಬಳಿ ದಾರ ಸುತ್ತಿ, ಚೊಕ್ಕಾಗಿ ಥರ್ಮಾಸಿನಲ್ಲಿ ನಿಲ್ಲಿಸಿದ್ದರು. ಅವರ ಮುಖದಲ್ಲಿ ಒಂದು ಹಿಗ್ಗು ಇತ್ತು. "ಸೂಜಿ ಹಚ್ಚಿಲ್ಲ ನೋಡ್ರಿ. ಯಾವ ಜೀವಕ್ಕೂ ನೋವ ಮಾಡಿಲ್ಲ. ಹೆಂಗ ತಗದಿ ಅಂತ ಕೇಳ್ರಿ ನನಗ."

"ಆಮ್ಯಾಲ ಕೇಳತೀನಿ ಕಾಕಾ, ಗಾಡಿ ಹೊಂಟೈತಿ." ಬಸ್ಸು ನಿಜವಾಗಿಯೂ ಹೊರಟಿತ್ತು. ಆದರೆ ಒಂದು ಮಾತು ಕೇಳುವಷ್ಟು ಹೊತ್ತು ಕಂಡಕ್ಟರ್ ನಿಲ್ಲಿಸುತ್ತಿದ್ದ, ನನ್ನ ಪರಿಚಯದವನೇ.

ವಹಿಯಲ್ಲಿ ಪ್ರತಿ ಮಾದರಿಗೂ ಒಂದು ಸಾಲು. ಕುರಿಯ ಬಣ್ಣ, ಕಿವಿಯ ಗುರುತು, ಹಲ್ಲಿನ ಲೆಕ್ಕದಲ್ಲಿ ವಯಸ್ಸು. ಖಾಲಿ ಬಿಟ್ಟರೆ ಪ್ರಾಧ್ಯಾಪಕರು ಬೈಯುತ್ತಾರೆ. ಬಸ್ಸು ಕುಲುಕುತ್ತಿತ್ತು. ನಾನು ಬರೆದೆ: ಕರಿಯ ಕುರಿ, ಎಡಗಿವಿ ಸೀಳು, ನಾಲ್ಕು ಹಲ್ಲು. ಹೀಗೆ ಐದು. ಕೈ ಒಮ್ಮೆಯೂ ತಡೆಯಲಿಲ್ಲ ಎನ್ನುವುದು ನೆನಪಿದೆ, ಅದೇ ನನ್ನನ್ನು ಹೆಚ್ಚು ಕೊಲ್ಲುತ್ತದೆ.

ಒಂದು ವಾರದ ಮೇಲೆ ಸಾಂಗಲಿಯಿಂದ ಅಂಕಿಗಳು ಬಂದವು. ಆ ಐದೂ ನಳಿಗೆಗಳಲ್ಲಿ ಕ್ಯಾಲ್ಸಿಯಂ ಹಾಕಿದ ಪಾಲು ಪೊಟ್ಯಾಸಿಯಂ ಸುರಿಸಿತ್ತು, ಹಾಕದ ಪಾಲು ಸುಮ್ಮನಿತ್ತು. ಕಣ ಒಡೆದು ಸೋರಿದ್ದರೆ ತಿಳಿ ಕೆಂಪಾಗಬೇಕಿತ್ತು. ಆಗಿರಲಿಲ್ಲ, ನನ್ನ ಕಣ್ಣಾರೆ ನೋಡಿ ಬೂಚು ಹಾಕಿದ್ದೆ. ಕುರಿಯ ರಕ್ತ ಹೋಗಿ ನನ್ನ ರಕ್ತದ ಹಾಗೆ ಕುಣಿದಿತ್ತು.

ಅಂಕಿಗಳನ್ನು ತಾವೇ ಜತ್ತಕ್ಕೆ ತಂದಿದ್ದ ಪ್ರಾಧ್ಯಾಪಕರು ಮರಾಠಿಯಲ್ಲಿ ಕೇಳಿದರು, ಮೆತ್ತಗೆ, "ಇದು ಕುರಿಯದೇ ಏನು?" ಮಾರ್ಚ್ ನನ್ನ ಕಣ್ಣ ಮುಂದೆ ಬಂತು. ನಾನು ಹಿಂದುಮುಂದು ನೋಡದೆ ಹೇಳಿದೆ, "ನಳಿಗೆ ಕುರುಬರ ಕೈಯಲ್ಲಿ ಬಿಟ್ಟಿದ್ದೆ ಸರ್. ಸೂಜಿ ಬೇಡ ಅಂದಿದ್ದರು. ತಮ್ಮ ರಕ್ತವನ್ನೇ ತುಂಬಿ ಕೊಟ್ಟಿರಬೇಕು." ಅವರು ಅಂಕಿಗಳ ಹಾಳೆ ಮಡಚಿದರು. ಹೋಗಿ ಕೇಳಿಕೊಂಡು ಬಾ ಎಂದರು.

ಕೇಳಿಕೊಂಡು ಬಾ ಎಂದರೆ ನಾನು ಜಗಳಕ್ಕೇ ಹೋದೆ. ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕಾಕಾ ನಾಲ್ಕು ಮಂದಿಯ ನಡುವೆ ಕೂತಿದ್ದರು. "ಬರ್ರಿ ಸಾಹೇಬ್ರ, ಕುಂದ್ರಿ," ಎಂದು ಸರಿದು ಜಾಗ ಮಾಡಿದರು. ನಾನು ಕೂಡಲಿಲ್ಲ.

"ಆ ಐದ ಬಾಟ್ಲ್ಯಾಗ ಯಾರ ರಕ್ತ ತುಂಬಿದಿ?" ಎಂದೆ. ಅಷ್ಟು ದಿನ ನೀವು, ಕಾಕಾ ಎಂದವನು ಎಲ್ಲರ ಎದುರು ನೀ ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ನಮ್ಮ ದಡ್ಡಿದರಿ."

"ಸುಳ್ಳ ಹೇಳಬ್ಯಾಡ. ಮನಷ್ಯಾರ ರಕ್ತ ಅದು. ಯಂತ್ರದಾಗ ಗೊತ್ತಾಗೇತಿ. ನಿನ್ನ ರಕ್ತನ ತುಂಬಿ ಕೊಟ್ಟಿ."

ಕಾಕಾ ಎರಡೂ ತೋಳು ಮೇಲೇರಿಸಿ ಚಾಚಿದರು. "ಎಲ್ಲಿ ಚುಚ್ಚೇನಿ ತೋರಸ್ರಿ." ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಅಂವಾ ಹಂಗ ಮಾಡೂ ಮನಷ್ಯಾ ಅಲ್ಲ ಬಿಡ್ರಿ ಸಾಹೇಬ್ರ," ಎಂದರು. ಅಲ್ಲಿಗೆ ಬಿಡಬಹುದಿತ್ತು. ನಾನು ಅದೇ ನೆಲದಲ್ಲಿ ಬೆಳೆದವನು, ಯಾವ ಮಾತು ಎಲ್ಲಿ ತಾಗುತ್ತದೆ ಎಂದು ಗೊತ್ತಿದ್ದವನು. ಬೇರೆ ಊರಿನ ಸಾಹೇಬನಾಗಿದ್ದರೆ ಆ ಮಾತು ಬಾಯಿಗೇ ಬರುತ್ತಿರಲಿಲ್ಲ.

"ಹಂಗಾದ್ರ ಭಂಡಾರ ಎತ್ತಲಿ," ಎಂದೆ.

ಗುಡಿಯಲ್ಲಿ ದೇವರ ಮುಂದಿನ ಅರಿಶಿನ ಪುಡಿಯೇ ಭಂಡಾರ. ಅದನ್ನು ಅಂಗೈಯಲ್ಲಿ ಹಿಡಿದು ಹೇಳಿದ ಮಾತು ಸುಳ್ಳಾದರೆ ಹೇಳಿದವನ ಕುರಿ, ಮನೆ, ಎಲ್ಲಕ್ಕೂ ತಟ್ಟುತ್ತದೆ ಎಂದು ನಂಬುವ ಜನ. ಹೊಲದ ಬದುವಿನ ಜಗಳಕ್ಕೂ ಸುಮ್ಮನೆ ಯಾರೂ ಎತ್ತಿಸುವುದಿಲ್ಲ. ಕಾಕಾ ನನ್ನನ್ನು ಒಂದು ಗಳಿಗೆ ನೋಡಿದರು. ಎದ್ದು ಹೋಗಿ ಕೈಕಾಲು ತೊಳೆದು ಬಂದರು. ಭಂಡಾರ ಹಿಡಿದು, "ಐದೂ ಬಾಟ್ಲ್ಯಾಗಿಂದು ನಮ್ಮ ದಡ್ಡಿ ರಕ್ತ. ಸುಳ್ಳಾದ್ರ ನನ್ನ ದಡ್ಡಿ ಹಾಳಾಗಲಿ," ಎಂದರು. ಹೆಂಗ ತಗದಿ ಎಂದು ನಾನು ಆಗಲೂ ಕೇಳಲಿಲ್ಲ. ಭಂಡಾರ ಎತ್ತಿದ ಮೇಲೆ ವಿವರಣೆ ಕೊಡುವುದು ಅವರ ಮರ್ಯಾದೆಗೆ ಒಗ್ಗುತ್ತಿರಲಿಲ್ಲ.

ಜತ್ತಕ್ಕೆ ಬಂದು ವಹಿಯಲ್ಲಿ ಐದು ಸಾಲಿನ ಮೇಲೆ ಗೀಟು ಎಳೆದು ಬರೆದೆ: "ರಕ್ತ ಕೊಟ್ಟವರ ಮಾತು ನಂಬಲರ್ಹವಲ್ಲ." ಅಕ್ಷರ ದುಂಡಗೆ, ಚಂದವಾಗಿದೆ.

ಹತ್ತು ದಿನ ಆಗಿರಬೇಕು. ಬಸ್ ನಿಲ್ದಾಣದಲ್ಲಿ ಆ ಕಂಡಕ್ಟರ್ ಸಿಕ್ಕ. "ನಿಮ್ಮ ಕಾಕಾನ ದಡ್ಡ್ಯಾಗ ಮರಿಗೋಳಿಗೆ ಭೇದಿ ಹತ್ತೇತಿ ನೋಡ್ರಿ, ಏಳೆಂಟು ಸತ್ತಾವ. ಭಂಡಾರ ಬಡದೈತಿ ಅನ್ನಾಕತ್ತಾರ ಮಂದಿ. ಮೇಸಾಕ ಬಿಟ್ಟ ಕುರಿ ಒಬ್ಬೊಬ್ಬರ ಹೊಡಕೊಂಡ ಹೊಂಟಾರ."

ಮುಚ್ಚಿಡುವುದಿಲ್ಲ, ಮೊದಲು ನನಗೆ ಹಾಯೆನಿಸಿತು. ನೋಡು, ಆಣೆ ಸುಳ್ಳೇ ಇತ್ತು, ನಾನು ಹೇಳಿದ್ದೇ ಖರೆ ಆಯಿತು ಎಂದುಕೊಂಡೆ. ದಿನವಿಡೀ ಪೊಟ್ಯಾಸಿಯಂ ಅಳೆಯುವ ವಿಜ್ಞಾನದ ಮನುಷ್ಯ ನಾನು! ಮರಿ ಸತ್ತದ್ದನ್ನೇ ಪುರಾವೆ ಎಂದು ಹಿಡಿದೆ.

ಮರುದಿನ ಮಧ್ಯಾಹ್ನ ಗಾಜಿನ ಪಟ್ಟಿ ಸಾಲದೆ ಹಳೆಯವನ್ನು ತೊಳೆಯಲು ಕೂತೆ. ಪೆಟ್ಟಿಗೆಯಲ್ಲಿ ಆ ಐದು ಸವರಿದ ಪಟ್ಟಿಗಳೂ ಇದ್ದವು. ಒಂದನ್ನು ನೀರಿಗೆ ಹಾಕುವ ಮುನ್ನ, ಯಾಕೋ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಅದರ ಪಕ್ಕದಲ್ಲಿ ಅದೇ ದಿನದ ನನ್ನ ರಕ್ತದ ಪಟ್ಟಿ.

ಮನುಷ್ಯರ ಕೆಂಪು ಕಣ ದೊಡ್ಡದು, ಕುರಿಯದು ಅದಕ್ಕಿಂತ ಬಹಳ ಸಣ್ಣದು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ವಿಷಯ. ಪಟ್ಟಿಯಲ್ಲಿ ಇದ್ದವು ಸಣ್ಣವು. ಐದರಲ್ಲೂ ಸಣ್ಣವೇ. ಉಳಿದ ಕುರಿಗಳದಕ್ಕಿಂತ ಒಂದು ಕೂದಲೆಳೆ ದೊಡ್ಡವೇನೋ ಅನಿಸಿತು, ಆದರೆ ಮನುಷ್ಯರವಂತೂ ಖಂಡಿತ ಅಲ್ಲ. ಹತ್ತು ನಿಮಿಷದ ಕೆಲಸ. ಉಟಗಿಗೆ ಹೋಗಿ ಬಾಯಿ ಮಾಡುವ ಮುನ್ನ ಮಾಡಬೇಕಾಗಿದ್ದ ಕೆಲಸ. ಪಟ್ಟಿಯನ್ನು ಎತ್ತಲು ಹೋಗಿ ಬೀಳಿಸಿ ಒಡೆದೆ. ಥೂ ನನ್ನ ಬಾಳೇ ಎಂದು ಗಟ್ಟಿಯಾಗಿ ಬೈದುಕೊಂಡೆ.

ಮುಂದಿನ ಬಸ್ಸಿಗೆ ಉಟಗಿ. ಕಾಕಾ ಊರ ಹೊರಗಿನ ಜೋಳದ ಹೊಲಗಳ ಆಚೆ, ಬಯಲಿನಲ್ಲಿ ಇದ್ದರು. ಕುರಿ ಅರ್ಧಕ್ಕರ್ಧ ಆಗಿದ್ದವು. ನಾನು ಓಡುನಡಿಗೆಯಲ್ಲಿ ಹೋಗಿ, ತಪ್ಪಾಯಿತು, ಅದು ಕುರಿಯ ರಕ್ತವೇ, ನೋಡಿದೆ, ನನ್ನದೇ ತಪ್ಪು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕೋಲಿನ ಮೇಲೆ ಗದ್ದ ಊರಿ ಕೇಳಿಸಿಕೊಂಡರು.

"ಈಗರ ಕೇಳ್ರಿ ಹೆಂಗ ತಗದಿ ಅಂತ," ಎಂದರು.

"ಹೆಂಗ ತಗದ್ರಿ?"

"ಮರಿ ಹುಟ್ಟಿದ ಕೂಡ್ಲೆ ಹೊಕ್ಕಳ ಬಳ್ಳಿ ಹರೀತೈತಲ್ರಿ. ಆ ಬಳ್ಳಿ ಬಾಟ್ಲಿಗೆ ಹಿಡದು, ಹಾಲ ಹಿಂಡಿದಂಗ ಹಿಂಡಿದ್ನಿ. ಐದ ಕುರಿ ಈದ್ವು, ಐದ ಬಾಟ್ಲಿ. ಕಬ್ಬಣ ಮುಟ್ಟಲಿಲ್ಲ, ನೋವ ಆಗಲಿಲ್ಲ. ಚಲೋ ಯುಕ್ತಿ ಮಾಡಿದಿ ಅಂತೀರಿ ಅಂದಕೊಂಡಿದ್ನಿ."

ಬಳ್ಳಿಯ ರಕ್ತ ಎಂದರೆ ತಾಯಿಯದಲ್ಲ, ಮರಿಯದು. ಹೊಟ್ಟೆಯಲ್ಲಿ ಇದ್ದಾಗ ಆದ ರಕ್ತ. ಹಾಗಾದರೆ ಕುರಿಗೂ ಆ ಬಾಗಿಲು ಇದೆ! ಗರ್ಭದಲ್ಲಿ ಇದ್ದಾಗ ಇದ್ದು, ಬೆಳೆಯುತ್ತ ಕಳೆದುಹೋಗುತ್ತದೆ!  ಎದುರಿಗೆ ಅರ್ಧ ದಡ್ಡಿ ಕಳೆದುಕೊಂಡ ಮನುಷ್ಯ ನಿಂತಿದ್ದಾರೆ ಎನ್ನುವುದು ಮರೆತೇ ಹೋಯಿತು. "ಕಾಕಾ, ಇನ್ನೂ ಎಷ್ಟ ಕುರಿ ಈಯೂವದಾವ? ಮತ್ತ ಹಂಗ ಹಿಡದ ಕೊಡತೀರೇನು?" ಎಂದುಬಿಟ್ಟೆ.

ಅವರು ದೂರ ಸರಿದಿದ್ದ ಒಂದು ಕುರಿಯನ್ನು ಕೋಲಿನಿಂದ ಹಿಂಡಿಗೆ ತಿರುಗಿಸಿದರು. ಆಮೇಲೆ ನಿಧಾನವಾಗಿ ಹೇಳಿದರು, "ನಾಲ್ಕ ಮಂದಿ ಮುಂದ ಕಳ್ಳ ಅಂದ್ರಿ. ಈಗ ಕುರಿ ಮುಂದ ಬಂದ ತಪ್ಪಾತು ಅಂತೀರಿ. ಕುರಿ ಯಾರಿಗಿ ಹೇಳಬೇಕ್ರಿ?"

ಸೋಮವಾರ ಕಟ್ಟೆಯ ಮೇಲೆ ಎಲ್ಲರೂ ಸೇರುತ್ತಾರೆ, ಅಂದು ಬಂದು ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಸೋಮವಾರ ಹೋಗಲಿಲ್ಲ. ಪ್ರಾಧ್ಯಾಪಕರಿಗೆ ಮೊದಲು ತಿಳಿಸಬೇಕು ಎಂದು ನೆವ ಮಾಡಿಕೊಂಡೆ. ತಿಳಿಸಿದರೆ ವಹಿ ತೆಗೆಯುತ್ತಾರೆ. ಹುಟ್ಟಿದ ಗಳಿಗೆಯ ಮರಿಗೆ ನಾಲ್ಕು ಹಲ್ಲು ಎಲ್ಲಿಂದ ಬಂದವು ಎಂದು ಕೇಳುತ್ತಾರೆ. ಅವರಿಗೂ ತಿಳಿಸಲಿಲ್ಲ. ಅದರ ಮುಂದಿನ ಸೋಮವಾರವೂ ಹೋಗಲಿಲ್ಲ. ಖೋಲಿಯಲ್ಲಿ ಕೂತು ಗಾಜು ತೊಳೆಯುತ್ತಿದ್ದೆ.

ಆಗ ಒಂದು ಮಧ್ಯಾಹ್ನ ಕಂಡಕ್ಟರ್ ಖೋಲಿಗೇ ಬಂದು ಒಂದು ಬಟ್ಟೆಯ ಗಂಟು ಕೊಟ್ಟ. "ಉಟಗಿಯಿಂದ ಕೊಟ್ಟಾರ. ನಿಮ್ಮ ಕೈಯಾಗ ಕೊಡಬೇಕಂತ, ಬ್ಯಾರೇದವರಿಗಿ ಅಲ್ಲಂತ."

ಬಿಚ್ಚಿದೆ. ಒಂದು ಸಣ್ಣ ಔಷಧಿ ಸೀಸೆ, ಅದರಲ್ಲಿ ರಕ್ತ. ಹೆಪಾರಿನ್ ಅವರಲ್ಲಿ ಎಲ್ಲಿಂದ ಬರಬೇಕು, ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಪ್ರಯೋಗಕ್ಕೆ ಒಂದು ಕಾಸಿಗೂ ಬಾರದು. ಸೀಸೆಗೆ ಒಂದು ಕಾಗದ ಸುತ್ತಿ ಕಂಬಳಿ ದಾರ ಕಟ್ಟಿತ್ತು. ಕನ್ನಡ ಸಾಲಿ ಮಾಸ್ತರರ ಅಕ್ಷರ ಇರಬೇಕು. ಮೇಲೆ 'ಪಂಚನಾಮಾ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿತ್ತು.

"ನಾವು ಕೆಳಗೆ ಸಹಿ ಮಾಡಿದ ಪಂಚರು ಬರೆದುಕೊಡುವುದೇನೆಂದರೆ, ಇಂದು ಮುಂಜಾನೆ ನಮ್ಮ ಸಮಕ್ಷಮ ಬಿಳಿ ಕುರಿಯೊಂದು ಹೆಣ್ಣು ಮರಿ ಈದಿದ್ದು, ಸದರಿ ಮರಿಯ ಹೊಕ್ಕುಳ ಬಳ್ಳಿಯಿಂದ ಈ ರಕ್ತ ಹಿಡಿಯಲಾಯಿತು. ಇದು ಮನುಷ್ಯರ ರಕ್ತ ಅಲ್ಲ. ನಾವು ಕಣ್ಣಾರೆ ಕಂಡಿದ್ದೇವೆ." ಕೆಳಗೆ ಎರಡು ಸಹಿ, ಮೂರು ಹೆಬ್ಬೆಟ್ಟು.

ಕಳ್ಳತನವಾದಾಗ, ಹೆಣ ಸಿಕ್ಕಾಗ ಮಾಡುವ ಪಂಚನಾಮೆ. ಕಾಕಾ ಒಂದು ಸೀಸೆ ರಕ್ತಕ್ಕಾಗಿ ಐದು ಮಂದಿಯನ್ನು ಬೆಳಗ್ಗೆ ದಡ್ಡಿಗೆ ಕರೆದು ಕುರಿ ಈಯುವುದನ್ನು ನೋಡಲು ಕೂರಿಸಿದ್ದರು. ಅವರ ಒಂದು ಮಾತು ಸಾಕಾಗುತ್ತಿದ್ದ ಊರು ಅದು. ನಾನು ಕುರ್ಚಿಯ ಮೇಲೆ ಕೂತು ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಮರುದಿನ ಸಾಂಗಲಿಗೆ ಹೋಗಿ ವಹಿಯನ್ನೂ ಆ ಕಾಗದವನ್ನೂ ಪ್ರಾಧ್ಯಾಪಕರ ಮೇಜಿನ ಮೇಲೆ ಇಟ್ಟೆ. ಎಲ್ಲ ಹೇಳಿದೆ. ಅವರು ಕನ್ನಡ ಓದಬಲ್ಲವರಲ್ಲ, ಕಾಗದವನ್ನು ಮರಾಠಿಯಲ್ಲಿ ಹೇಳಿಸಿಕೊಂಡರು. ಮೊದಲು ಅವರ ಕಣ್ಣು ಹೊಳೆಯಿತು, ಗರ್ಭದ ಮರಿಯಲ್ಲಿ ಬಾಗಿಲು ಇದೆ ಎನ್ನುವುದರ ತೂಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆಮೇಲೆ ವಹಿಯ ಹಾಳೆ ಹಿಂದಕ್ಕೆ ತಿರುವುತ್ತ ಹೋದರು.

"ಉಳಿದ ನಲವತ್ತರಲ್ಲಿ ಇಂಥವು ಎಷ್ಟು?"

"ಒಂದೂ ಇಲ್ಲ ಸರ್."

"ಹೇಗೆ ನಂಬಲಿ?"

ನನಗೆ ಎತ್ತಲು ಭಂಡಾರವಿರಲಿಲ್ಲ, ಪಂಚರೂ ಇರಲಿಲ್ಲ. ಅವರು ಸಿಟ್ಟಾಗಲಿಲ್ಲ. ವಹಿ ಮುಚ್ಚಿ ಕಪಾಟಿಗೆ ಇಟ್ಟರು. ನಲವತ್ತೈದೂ ಹೋದವು. ಮಾರ್ಚಿಗೆ ನನ್ನ ಹುದ್ದೆಯೂ ಹೋಯಿತು. ಮುಂದೆ ಬೇರೆ ಯಾವುದೋ ದೇಶದವರು ಇದನ್ನೇ ಕಂಡು ಬರೆದರು, ಕ್ರಮವಾಗಿ, ಚೊಕ್ಕವಾಗಿ. ಗ್ರಂಥಾಲಯದಲ್ಲಿ ನಿಂತು ಓದಿದೆ.

ಆದರೆ ಅದಕ್ಕೂ ಮೊದಲು, ಪ್ರಾಧ್ಯಾಪಕರಿಂದ ಆ ಕಾಗದ ವಾಪಸು ಪಡೆದು ಬಂದ ಮೇಲಿನ ಮೊದಲ ಸೋಮವಾರವೇ, ಉಟಗಿಗೆ ಹೋದೆ. ಕಟ್ಟೆಯ ಮೇಲೆ ಎಲ್ಲರೂ ಇದ್ದರು. ಕಾಕಾ "ಬರ್ರಿ" ಎಂದರು, "ಕುಂದ್ರಿ" ಎನ್ನಲಿಲ್ಲ. ನಾನು ನಿಂತೇ ಹೇಳಿದೆ. ಕಾಕಾ ಎತ್ತಿದ ಭಂಡಾರ ಖರೆ, ಸುಳ್ಳು ಇದ್ದದ್ದು ನನ್ನ ವಹಿಯಲ್ಲಿ. ಕುರಿ ನೋಡದೆ ಹಲ್ಲು ಬರೆದೆ, ಕಿವಿ ಬರೆದೆ. ಮರಿ ಸತ್ತದ್ದು ಭೇದಿಯಿಂದ, ಆಣೆಯಿಂದ ಅಲ್ಲ.

"ಹಲ್ಲ ನೋಡದ ಬರದ್ರಿ?" ಎಂದರು ಆ ಹಿರಿಯರು. ಅವರಿಗೆ ಉಳಿದದ್ದಕ್ಕಿಂತ ಅದೇ ದೊಡ್ಡದಾಗಿ ಕಂಡಿತು. "ನೋಡದ? ನಾಲ್ಕ ಹಲ್ಲ?"

"ಹೌದ್ರಿ."

ಯಾರೋ ನಕ್ಕರು. ಇನ್ನೊಬ್ಬರು ಕಾಕಾನ ಕಡೆ ತಿರುಗಿ, "ನಾಳಿಂದ ನಮ್ಮ ಕುರಿ ಹೊಡಕೊಂಡ ಹೋಗಪಾ," ಎಂದರು. ಆಮೇಲೆ ತಿಳಿಯಿತು, ಮೂರು ಮನೆಯವರು ಕುರಿ ತಿರುಗಿ ಬಿಟ್ಟರು, ಒಂದು ಮನೆಯವರು ಬಿಡಲೇ ಇಲ್ಲ.

ಪಂಚನಾಮೆಯ ಕಾಗದವನ್ನು ಕಟ್ಟೆಯ ಮೇಲೆ ಹರವಿ, ಕೊನೆಯ ಹೆಬ್ಬೆಟ್ಟಿನ ಕೆಳಗೆ ನನ್ನ ಸಹಿ ಮಾಡಿದೆ. ಮಡಚಿ ನನ್ನ ಜೇಬಿಗೆ ಇಡಲು ಹೋದಾಗ ಕಾಕಾ ಕೈ ಚಾಚಿದರು.

"ಅದು ನನ್ನ ಹಂತ್ಯಾಕ ಇರಲಿ ಸಾಹೇಬ್ರ," ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ನಿಮ್ಮ ಹಂತ್ಯಾಕ ಇದ್ರ ಅದರ ಮ್ಯಾಲ ಮತ್ತೇನರ ಬರದ ಬಿಡತೀರಿ."